ಪಾತ್ರದ ಕಲಹ, ಆಟಗಾರನ ಭಾವ

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು ಆಡುವ ಆಟ. ಒಬ್ಬನು ಕಥೆ ನಡೆಸುವನು. ಉಳಿದವರು ಒಂದೊಂದು ಪಾತ್ರ ವಹಿಸಿ ಅದರ ನಡೆಯನ್ನು ಮಾತಿನಲ್ಲಿ ಹೇಳುವರು. ಫಲವನ್ನು ಹಲವೆಡೆ ದಾಳ ನಿರ್ಣಯಿಸುವುದು. 1975ರ ಪೂರಕ ಪುಸ್ತಿಕೆಯೊಂದು ‘ಪ್ಯಾಲಡಿನ್’ ಎಂಬ ಧರ್ಮನಿಷ್ಠ ವೀರನನ್ನೂ ಕಳ್ಳನನ್ನೂ ಒಟ್ಟಿಗೇ ಆಟಕ್ಕೆ ತಂದಿತು. ಕಲಹಕ್ಕೆ ಬೇರೆ ಬೀಜ ಬೇಕೆ?

ಕಳ್ಳನು ಸಂಗಡಿಗರ ಪಾಲಿನ ರತ್ನವನ್ನು ಬಚ್ಚಿಟ್ಟನೆನ್ನಿ. (ಪಾಲುದಾರಿಕೆಯ ವ್ಯಾಪಾರ ಮಾಡಿದವರಿಗೆ ಈ ಸಂಕಟ ಗೊತ್ತು.) ವೀರನು ಖಡ್ಗ ಹಿರಿಯುವನು. ಮೇಜಿನ ಬಳಿಯ ಗೆಳೆಯನು ನಿಜವಾಗಿಯೇ ನೊಂದರೆ, ‘ನಾನಲ್ಲ, ನನ್ನ ಪಾತ್ರದ ಸ್ವಭಾವವೇ ಹಾಗೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದನ್ನು ನಾನು ಒಪ್ಪಲಾರೆ. ಪಾತ್ರಕ್ಕೆ ಸ್ವಂತ ಸಂಕಲ್ಪವಿಲ್ಲ. ಆ ಸ್ವಭಾವವನ್ನು ಆರಿಸಿದವನೂ ಆಟಗಾರನೇ. ಜನ್ನನ ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆ ಅವನನ್ನು ಜನ್ಮಾಂತರಗಳಲ್ಲಿಯೂ ಬಿಡಲಿಲ್ಲ.

ಹಾಗೆಂದು ಕಲ್ಪಿತ ಯುದ್ಧವೆಲ್ಲ ಪಾಪವೆನ್ನುವಷ್ಟು ದೂರ ನಾನು ಹೋಗುವುದಿಲ್ಲ. ಇಬ್ಬರು ಆಟಗಾರರೂ ಒಪ್ಪಿ ನಗುತ್ತಿದ್ದರೆ ಅದು ಬರಿಯ ಕಥೆ. ಒಬ್ಬನ ಮನಸ್ಸು ನೊಂದಿತೋ, ನಿರ್ಣಯವನ್ನು ದಾಳಕ್ಕೆ ಬಿಡಬಾರದು. ಆಟ ನಿಲ್ಲಿಸಿ, ಪಾತ್ರದ ಹೆಸರನ್ನು ಬದಿಗಿಟ್ಟು, ಸ್ವಂತ ಹೆಸರಿನಲ್ಲಿ ಮಾತನಾಡಬೇಕು. ಕಳ್ಳನು ರತ್ನವನ್ನು ಹಿಂದಿರುಗಿಸಲು ಕಾರಣ ಹುಡುಕುವುದು ಆಮೇಲೆ ಕಷ್ಟವಲ್ಲ. ಭಯ, ಸ್ನೇಹ, ಹಳೆಯ ಋಣ, ಕಥೆಯಲ್ಲಿ ಯಾವುದಾದರೂ ಸಲ್ಲುತ್ತದೆ.