ಅಕ್ಕನಿಗೆ ಹೇಳಿದ ಸುಳ್ಳು

ಅಕ್ಕ ನನಗೊಂದು ಕಿಡ್ನಿ ಕೊಟ್ಟಳು. ನಾನು ಅವಳಿಗೊಂದು ಸುಳ್ಳು ಹೇಳಿದೆ.

ಕಸಿಯಾಗಿ ಐದು ತಿಂಗಳಾಗಿತ್ತು. ವಿಜಯವಾಡದ ಭವಾನಿಪುರಂನ ಬಾಡಿಗೆ ಮನೆಗೆ ಮರಳಿ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ವಾರ ಭೇದಿ ನಿಲ್ಲಲಿಲ್ಲ. ಆಮೇಲೆ ರಕ್ತ. ಕೊಲೊನೊಸ್ಕೋಪಿಯಲ್ಲಿ ದೊಡ್ಡ ಕರುಳಿನ ತುಂಬ ಹುಣ್ಣು ಕಂಡವು. ಬಯಾಪ್ಸಿಯಲ್ಲಿ ಸೈಟೊಮೆಗಲೊವೈರಸ್ ಎಂದು ಬಂತು.

ಈ ವೈರಸ್ ನಮ್ಮ ದೇಶದ ಬಹುಪಾಲು ವಯಸ್ಕರ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ. ಆರೋಗ್ಯವಂತರಿಗೆ ಅದು ಇರುವುದೇ ತಿಳಿಯುವುದಿಲ್ಲ. ಅಕ್ಕನಲ್ಲಿ ಇತ್ತು, ನನ್ನಲ್ಲಿ ಇರಲಿಲ್ಲ. ಕಿಡ್ನಿಯ ಜೊತೆಗೇ ಬಂದಿತ್ತು. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ನುಂಗುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ವೈರಸ್ ತಡೆಯುವ ಮಾತ್ರೆಯ ಅವಧಿಯೂ ಮುಗಿದಿತ್ತು. ಈಗ ಗ್ಯಾನ್ಸಿಕ್ಲೊವಿರ್ ಇಂಜೆಕ್ಷನ್ ಕೊಟ್ಟು, ಮೈಕೊಫೆನೊಲೇಟ್ ಇಳಿಸಬೇಕು. ಇಳಿಸಿದರೆ ಕಿಡ್ನಿಗೆ ಅಪಾಯ, ಇಳಿಸದಿದ್ದರೆ ಕರುಳಿಗೆ.

ಆ ರಾತ್ರಿ ಬಾಗಲಕೋಟೆಯಿಂದ ಅಕ್ಕನ ಫೋನು.

"ನನ್ನಿಂದನ ಏನರ ಬಂತೇನೋ ತಮ್ಮಾ?"

"ಇಲ್ಲಕ್ಕಾ, ಹೊರಗಿನ ನೀರು ಕುಡದು ಆಗೇತಿ."

ಇದು ಕರುಣೆ ಎಂದೇ ಅಂದುಕೊಂಡಿದ್ದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಂಗ ತೆಗೆಯುವುದರ ಅಪಾಯಗಳನ್ನು ದಾನಿಗೂ, ಕಸಿಯ ಅಪಾಯಗಳನ್ನು ಪಡೆಯುವವನಿಗೂ ವೈದ್ಯರು ವಿವರಿಸಲೇಬೇಕು. ಆಮೇಲೆ ಕೊಟ್ಟವಳಿಗೆ ಪಡೆದವನು ಏನು ಹೇಳಬೇಕು ಎಂಬುದನ್ನು ಯಾವ ಕಾಯ್ದೆಯೂ ಹೇಳಲಾರದು.

ಆಸ್ಪತ್ರೆಯ ಹಾಸಿಗೆಯ ಮೇಲೆ ಯೋಚಿಸುತ್ತಾ ಹೋದೆ. ಯಾವುದನ್ನಾದರೂ ತಪ್ಪು ಎನ್ನಬೇಕಾದರೆ ಬೇರೆ ರೀತಿ ಮಾಡುವ ದಾರಿ ಇದ್ದಿರಬೇಕು. ಅಕ್ಕನಿಗೆ ಇದ್ದದ್ದು ಎರಡೇ ದಾರಿ: ಇದ್ದಂತೆಯೇ ಕೊಡುವುದು, ಇಲ್ಲವೇ ಕೊಡದಿರುವುದು. ಅಂದಮೇಲೆ ಇದರಲ್ಲಿ ಅವಳ ತಪ್ಪಿಲ್ಲ. ಅದು ನನಗೆ ನಿಜವಾಗಿ ಮನವರಿಕೆಯಾಗಿದ್ದರೆ ಮುಚ್ಚಿಡುವ ಅಗತ್ಯವೇನಿತ್ತು? ಮುಚ್ಚಿಟ್ಟದ್ದರಲ್ಲೇ ಒಂದು ಸಣ್ಣ ಆರೋಪ ಅಡಗಿತ್ತು. ಹೊಟ್ಟೆ ಕೊಯ್ಸಿಕೊಂಡು ಅಂಗ ಕೊಡುವಷ್ಟು ಗಟ್ಟಿಗಿತ್ತಿ, ಒಂದು ನಿಜ ತಾಳಲಾರಳು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಕರುಳು ವಾಸಿಯಾಯಿತು, ಕಿಡ್ನಿಯೂ ಉಳಿಯಿತು. ಊರಿಗೆ ಹೋದಾಗ ಎಲ್ಲ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನನಗ ಅವತ್ತs ಅನಸಿತ್ತು. ನೀ ಇಲ್ಲ ಅಂದಿ ಅಂತ ಮತ್ತ ಕೇಳಲಿಲ್ಲ. ನಾಕು ತಿಂಗಳು ಒಬ್ಬಾಕಿನs ಅದನ್ನ ಹೊತಗೊಂಡು ಕುಂತಿದ್ನಿ."

ನೋವಾಗದಿರಲೆಂದು ಹೇಳಿದ ಸುಳ್ಳು ಅವಳ ನೋವನ್ನು ಒಂದಿಷ್ಟೂ ಕಡಿಮೆ ಮಾಡಿರಲಿಲ್ಲ. ಆ ನೋವಿನೊಂದಿಗೆ ಅವಳನ್ನು ಒಂಟಿಯಾಗಿ ಬಿಟ್ಟಿತ್ತು, ಅಷ್ಟೇ.