ಅಜ್ಜನ ಸೈಕಲ್ ಯಾವುದು?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲೋ ಕೊಟ್ಟಿಗೆಯಲ್ಲೋ ಇನ್ನೂ ಒಂದು ಕಪ್ಪು ಉಕ್ಕಿನ ಸೈಕಲ್ ಕಾಣಸಿಗುತ್ತದೆ. 28 ಇಂಚಿನ ಗಾಲಿ, ಸರಳಿನ ಬ್ರೇಕು, ಭಾರವಾದ ಕ್ಯಾರಿಯರ್. ಹಾಲಿನ ಕ್ಯಾನು, ಮೇವಿನ ಹೊರೆ, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತ ವಾಹನವದು. ಅಂಥ ಸೈಕಲ್‌ಗಳಿಗೆ ಹೆಸರಾದ ಅಟ್ಲಾಸ್ ಕಂಪನಿ 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅದರ ಸಾಹಿಬಾಬಾದ್ ಕಾರ್ಖಾನೆ ನಿಂತುಹೋಯಿತು. ಕಾರ್ಖಾನೆ ನಿಂತಿತು, ಸೈಕಲ್ ಉಳಿಯಿತು.

ಅದನ್ನು ದಿನಾ ಕೆಲಸಕ್ಕೆ ಒಯ್ಯುತ್ತೇನೆ ಎಂದು ಮೊಮ್ಮಗ ಹೊರಟನೆನ್ನಿ. ಮೊದಲು ಬ್ರೇಕು ಬದಲಾಗಬೇಕು. ಸರಳಿನ ಬ್ರೇಕು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಮಳೆಯಲ್ಲಿ ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರುತ್ತದೆ. ಕ್ಯಾಲಿಪರ್ ಬ್ರೇಕು ಹಾಕಲು ಬದಿ ಚಪ್ಪಟೆಯಾದ ರಿಮ್ಮು ಬೇಕು. ರಿಮ್ಮು ಬದಲಿಸಿದರೆ ಗಾಲಿಯನ್ನೇ ಹೊಸದಾಗಿ ಕಟ್ಟಬೇಕು. ಒಂದು ಬದಲಾವಣೆ ಇನ್ನೊಂದನ್ನು ಎಳೆದು ತರುತ್ತದೆ. ಆಗ ಮನೆಯ ಹಿರಿಯರು ಕೇಳುತ್ತಾರೆ: ಇಷ್ಟೆಲ್ಲ ಆದ ಮೇಲೆ ಇದು ಅಜ್ಜನ ಸೈಕಲ್ ಹೇಗಾದೀತು?

ಪ್ರಶ್ನೆ ಬಹಳ ಹಳೆಯದು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಥೀಸಿಯಸ್‌ನ ಹಡಗು ಅದೇ ಹಡಗೇ ಎಂದು ತತ್ವಜ್ಞಾನಿಗಳು ವಾದಿಸುತ್ತಿದ್ದುದನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸಿದ್ದಾನೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಅದಕ್ಕೊಂದು ತೊಡಕು ಸೇರಿಸಿದ: ಕಳಚಿದ ಹಳೆಯ ಹಲಗೆಗಳನ್ನೇ ಕೂಡಿಸಿ ಒಬ್ಬ ಮತ್ತೊಂದು ಹಡಗು ಕಟ್ಟಿದರೆ, ನಿಜವಾದದ್ದು ಯಾವುದು?

ಆದರೆ ಅಜ್ಜನ ಕಾಲದಲ್ಲೇ ಆ ಸೈಕಲ್ ಎಷ್ಟು ಟಯರ್, ಎಷ್ಟು ಚೈನ್ ಕಂಡಿತ್ತು? ಬದಲಾಗದ ಮೂಲ ಸೈಕಲ್ ಎಂಬುದು ಎಂದೂ ಇರಲಿಲ್ಲ. ಅದನ್ನು ಅಜ್ಜನದಾಗಿಸಿದ್ದು ಕಬ್ಬಿಣವಷ್ಟೇ ಅಲ್ಲ, ದಿನನಿತ್ಯದ ದುಡಿಮೆ ಮತ್ತು ಆರೈಕೆ. ಪಾಲಿಶ್ ಮಾಡಿ ಗೋಡೆಗೆ ತೂಗುಹಾಕಿದರೆ ವಸ್ತು ಉಳಿದೀತು, ಆ ಸಂಬಂಧ ಉಳಿಯದು.

ಹಾಗೆಂದು ಹಿರಿಯರ ಅಳುಕು ಸುಳ್ಳಲ್ಲ. ಗುಜರಿಗೆ ಹೋದದ್ದು ಮರಳಿ ಬಾರದು. ಆದ್ದರಿಂದ ಬದಲಿಸುವವನಿಗೂ ಒಂದು ಹೊಣೆಯಿದೆ: ಫ್ರೇಮನ್ನು ಕತ್ತರಿಸಬಾರದು, ಕಳಚಿದ ಬಿಡಿಭಾಗಗಳನ್ನು ಎಣ್ಣೆ ಹಚ್ಚಿ ಚೀಲದಲ್ಲಿ ಕಟ್ಟಿಡಬೇಕು. ಮುಂದಿನವರಿಗೆ ಬೇಕೆನಿಸಿದರೆ ಹಿಂದಿನ ರೂಪಕ್ಕೆ ತರುವ ದಾರಿ ತೆರೆದಿರಬೇಕು.

ಬ್ರೇಕಿನ ವಿಷಯದಲ್ಲಿ ಮಾತ್ರ ಚೌಕಾಶಿಯಿಲ್ಲ. ಕಬ್ಬಿನ ಹಂಗಾಮಿನಲ್ಲಿ ಕಾಗವಾಡ, ನಿಪ್ಪಾಣಿ ಕಡೆಯ ರಸ್ತೆಗಳಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ನಡುವೆ ಓಡಾಡಬೇಕು. ಓಣಿಯಲ್ಲಿ ಮಗುವೊಂದು ಅಡ್ಡ ಓಡಿಬಂದಾಗ ಸೈಕಲ್ ನಿಲ್ಲಲೇಬೇಕು. ಹಿರಿಯರ ನೆನಪು ದೊಡ್ಡದು ನಿಜ; ಆ ಮಗುವಿನ ಜೀವ ಅದಕ್ಕಿಂತ ದೊಡ್ಡದು. ನಮಗೆ ಬಂದ ಮನೆ, ರೂಢಿ, ಸಂಪ್ರದಾಯಗಳನ್ನೂ ಇದೇ ಅಳತೆಗೋಲಿನಿಂದ ನೋಡಬಾರದೇಕೆ?