ಇಂದಿನ ಧಮ್ಮಚಿಂತನೆ: ‘ಕಾಣಲಿಲ್ಲ’ ಎಂದರೆ ಸಾಕೆ?



ಮುಂದಿನ ಲಾರಿ ಎರಚಿದ ಕೆಸರು ಕಾರಿನ ಗಾಜಿಗೆ ಬಡಿಯುತ್ತದೆ. ವಾಷರ್ ಟ್ಯಾಂಕ್ ಖಾಲಿ. ಒಣಗಾಜಿನ ಮೇಲೆ ವೈಪರ್ ಕೆಸರನ್ನು ಇನ್ನಷ್ಟು ಹರಡುತ್ತದೆ. ಎದುರು ಬೆಳಗಿನ ಬಿಸಿಲು. ರಸ್ತೆಬದಿಯಲ್ಲಿ ಕಸ ಗುಡಿಸುತ್ತಿರುವ ಪೌರಕಾರ್ಮಿಕ ತಾಯಿ.

ಅನಾಹುತವಾದರೆ ಚಾಲಕ ‘ಕಾಣಲಿಲ್ಲ’ ಎನ್ನುತ್ತಾನೆ. ಅದು ನಿಜ, ಕೊಲ್ಲುವ ಉದ್ದೇಶವೂ ಅವನಿಗಿರಲಿಲ್ಲ. ಹಾಗಾದರೆ ತಪ್ಪಿಲ್ಲವೆ? ಇದೆ. ಹಿಂದಿನ ದಿನ ಬಾನೆಟ್ ಎತ್ತಿ ನೋಡದೆ ಬಿಟ್ಟಾಗಲೇ ಅದು ಆಗಿಹೋಗಿದೆ. ಐದನೆಯ ಶೀಲ ಮದ್ಯವನ್ನು ಬಿಡಿಸುವುದು ಅದು ಪ್ರಮಾದಕ್ಕೆ ಎಡೆ ಮಾಡುವುದರಿಂದ. ಕುಡಿಯದವರಲ್ಲೂ ಪ್ರಮಾದವಿದೆ.

ಬಂಧುಗಳೇ, ಗಾಜು-ವೈಪರ್ ಗುರುತಿನ ಮುಚ್ಚಳ ತೆರೆದು ವಾಷರ್ ದ್ರವ ತುಂಬಲು ಕೆಲವೇ ನಿಮಿಷ ಸಾಕು. ಕೂಲೆಂಟ್ ಮುಚ್ಚಳ ಬೇರೆ, ಗಮನಿಸಿ. ಬಾಬಾಸಾಹೇಬರು ಒತ್ತಿ ಹೇಳಿದ ಮೈತ್ರಿ ಇನ್ನೂ ಕಣ್ಣಿಗೆ ಬೀಳದವರಿಗೂ ಸಲ್ಲಬೇಕು.

ಸಾಧು, ಸಾಧು, ಸಾಧು.